ಬೋರ್ಡಿಗೆ ಹತ್ತಬೇಕಾದವರು ಯಾರು?

ಓದುಗರ ಪ್ರಶ್ನೆ: “ನಾನು ಮೈಸೂರಿನ ಲಕ್ಷ್ಮೀಪುರಂ ನಿವಾಸಿ, ನಿವೃತ್ತ ಬ್ಯಾಂಕ್ ನೌಕರ. ನಮ್ಮ ನಿವಾಸಿಗಳ ಸಂಘದವರು ಪಾರ್ಕಿನ ಗೇಟಿನ ಪಕ್ಕ ‘ನಮ್ಮ ಬಡಾವಣೆಯಲ್ಲಿ ಬೆಳೆದ ಮಹನೀಯರು’ ಎಂಬ ಫಲಕ ಹಾಕಬೇಕೆಂದು ತೀರ್ಮಾನಿಸಿ, ಪಟ್ಟಿ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಇಪ್ಪತ್ತೆರಡು ಹೆಸರು ಬಂದಿವೆ. ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್, ಎಂ.ಎನ್. ಶ್ರೀನಿವಾಸ್, ಎ.ಕೆ. ರಾಮಾನುಜನ್, ಕುವೆಂಪು, ತೇಜಸ್ವಿ, ಜಯಲಲಿತಾ, ಜಾವಗಲ್ ಶ್ರೀನಾಥ್ ಎಲ್ಲರೂ ಇದ್ದಾರೆ. ಕುವೆಂಪು ಒಂಟಿಕೊಪ್ಪಲಿನವರಲ್ಲವೇ ಎಂದು ಒಬ್ಬರ ತಕರಾರು. ನಾರಾಯಣ್ ಯಾದವಗಿರಿಯವರು ಎಂದು ಇನ್ನೊಬ್ಬರದು. ಫಲಕದ ನೆತ್ತಿಯ ಮೇಲೆ ‘ಈ ಮಣ್ಣಿನ ಗುಣ’ ಎಂದು ಬರೆಸಲೇಬೇಕೆಂದು ಅಧ್ಯಕ್ಷರ ಪಟ್ಟು. ಮನೆಯಲ್ಲಿ ಸೊಸೆ ಕೇಳುತ್ತಾಳೆ: ‘ಮಾವ, ಮಣ್ಣಿನ ಗುಣವಾದರೆ ಈಗೇಕೆ ಯಾರೂ ಬರುತ್ತಿಲ್ಲ? ಇಪ್ಪತ್ತೆರಡರಲ್ಲಿ ಒಬ್ಬರೇ ಹೆಂಗಸೇಕೆ?’ ನನ್ನಲ್ಲಿ ಉತ್ತರವಿಲ್ಲ. ಏನಾದರೂ ತಪ್ಪಾದರೆ ಬೆಳಗಿನ ವಾಕಿಂಗಿಗೆ ಮುಖ ತೋರಿಸುವಂತಿಲ್ಲ. ದಾರಿ ಹೇಳಿ.”

ಉತ್ತರ: ನಿಮ್ಮ ಅಂಜಿಕೆ ಸರಿಯಾದದ್ದೇ. ಸ್ಥಳೀಯ ಇತಿಹಾಸದ ದಾಖಲೆ ಹುಡುಕುವ ಕೆಲಸಕ್ಕೆ ನಾನು ಇಳಿದು ಮೂವತ್ತು ವರ್ಷ ದಾಟಿತು. ಇಷ್ಟರಲ್ಲಿ ಅತಿ ಹೆಚ್ಚು ಮುಖಭಂಗವಾದದ್ದು ಇಂಥದ್ದೇ ಒಂದು ಫಲಕದ ಎದುರು. ಬೇರೆ ಊರು, ಬೇರೆ ಬಡಾವಣೆ. ಹೆಸರುಗಳನ್ನು ಒದಗಿಸಿದವನು ನಾನೇ. ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಿದ್ದರು. ಪರದೆ ಸರಿದು ಚಪ್ಪಾಳೆ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ವೃದ್ಧೆಯೊಬ್ಬರು ಕೋಲೂರಿಕೊಂಡು ಬಂದು, ಎರಡನೆಯ ಹೆಸರಿನ ಮೇಲೆ ಬೆರಳಿಟ್ಟು, “ನಮ್ಮಣ್ಣ ಇಲ್ಲಿ ಹುಟ್ಟಿದ ಅಂತ ಬರೆದಿದ್ದೀರಿ. ನಾವು ಈ ಬೀದಿಗೆ ಬಂದಾಗ ಅವನಿಗೆ ಮೀಸೆ ಬಂದಿತ್ತು” ಎಂದರು. ಮರುದಿನ ಕಲ್ಲುಕುಟಿಗನನ್ನು ಕರೆಸಿ ‘ಹುಟ್ಟಿದ’ ಎಂಬ ಪದವನ್ನು ಉಳಿಯಿಂದ ಕೆತ್ತಿ ತೆಗೆಸಿದರು. ಆ ಬಿಳಿಯ ಗಾಯ ಈಗಲೂ ಹಾಗೆಯೇ ಇದೆ. ಆ ಕಡೆ ಹೋದಾಗ ನಾನು ರಸ್ತೆಯ ಇನ್ನೊಂದು ಬದಿಯಿಂದ ನಡೆಯುತ್ತೇನೆ.

ಮೊದಲು ನಿಮ್ಮ ಫಲಕದ ಶೀರ್ಷಿಕೆಯನ್ನೇ ನೋಡೋಣ. ಜಗಳಕ್ಕೆಲ್ಲ ಮೂಲ ‘ಬೆಳೆದ’ ಎಂಬ ಒಂದು ಪದ. ನಮ್ಮ ಜನ ‘ನಮ್ಮ ಏರಿಯಾದವರು’ ಎಂದಾಗ ಅದರಲ್ಲಿ ನಾಲ್ಕು ಬಗೆಯವರು ಸೇರಿಕೊಂಡಿರುತ್ತಾರೆ: ಅಲ್ಲಿ ಹುಟ್ಟಿದವರು, ಬೆಳೆದವರು, ದೊಡ್ಡವರಾದ ಮೇಲೆ ಬಂದು ಬಾಳಿದವರು, ಮತ್ತು ನೆಂಟಸ್ತಿಕೆಗೋ ಓದಿಗೋ ಬಂದುಹೋದವರು. ಹುಟ್ಟಿದ ಜಾಗಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿ ಇರುವ ನಾಡು ನಮ್ಮದು. ತಾಯಿಯ ಊರಿನಲ್ಲಿ ಹುಟ್ಟಿ ಮೂರನೆಯ ತಿಂಗಳಿಗೆ ತೊಟ್ಟಿಲ ಸಮೇತ ಅಪ್ಪನ ಮನೆಗೆ ಬಂದ ಮಗುವಿಗೆ ಜನ್ಮಸ್ಥಳ ಎಂಬುದು ಅರ್ಜಿಯಲ್ಲಿ ತುಂಬುವ ಒಂದು ಖಾನೆ ಅಷ್ಟೆ. ಐದನೆಯ ವಯಸ್ಸಿನಿಂದ ಹದಿನೆಂಟರವರೆಗಿನ ಅವಧಿಯಲ್ಲಿ ಕನಿಷ್ಠ ಐದು ವರ್ಷ ಆ ಬೀದಿಗಳಲ್ಲಿ ಓಡಾಡಿದ್ದರೆ ಮಾತ್ರ ‘ಬೆಳೆದವರು’ ಎನ್ನುವುದು ನಾನು ಇಟ್ಟುಕೊಂಡಿರುವ ಅಳತೆ. ಇದು ಶಾಸ್ತ್ರವಾಕ್ಯವಲ್ಲ. ಆದರೆ ಯಾವುದೋ ಒಂದು ಅಳತೆಯನ್ನು ಹೆಸರುಗಳು ಬರುವ ಮೊದಲೇ ಸಭೆಯಲ್ಲಿ ಒಪ್ಪಿಕೊಂಡಿದ್ದರೆ ಅರ್ಧ ತಕರಾರು ಹುಟ್ಟುತ್ತಲೇ ಇರಲಿಲ್ಲ.

ಈ ಅಳತೆ ಹಿಡಿದು ನೋಡಿದರೆ ನಿಮ್ಮ ಪಟ್ಟಿಯ ಮೊದಲ ಹೆಸರೇ ಜಾರುತ್ತದೆ. ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ಮದ್ರಾಸಿನಲ್ಲಿ. ಅವರ ಬಾಲ್ಯ ಕಳೆದದ್ದು ಅಲ್ಲಿನ ಪುರಸವಾಕ್ಕಂನ ಅಜ್ಜಿಯ ಮನೆಯಲ್ಲಿ. ಓದಿದ್ದು ಅಲ್ಲಿಯ ಲುಥೆರನ್ ಮಿಷನ್ ಶಾಲೆಯಲ್ಲಿ. ಮೈಸೂರಿಗೆ ಅವರು ಬಂದದ್ದು ಹದಿಹರೆಯದಲ್ಲಿ, ತಂದೆ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರರಾಗಿದ್ದ ಕಾಲದಲ್ಲಿ. ಕಾಲೇಜು, ಮೊದಲ ಬರವಣಿಗೆ, ಮದುವೆ, ಹೆಂಡತಿಯ ಸಾವು ಎಲ್ಲವನ್ನೂ ಕಂಡದ್ದು ಮೈಸೂರಿನ ವರ್ಷಗಳು. ಅಂದರೆ ಮೈಸೂರು ಅವರನ್ನು ಬರಹಗಾರನಾಗಿ ಕಂಡಿತು. ಗೋಲಿಯಾಡುವ ಹುಡುಗನಾಗಿ ಕಂಡದ್ದು ಪುರಸವಾಕ್ಕಂ. ಲಕ್ಷ್ಮೀಪುರಂನಲ್ಲಿ ನಡೆಯುವಾಗ ‘ಇದೇ ಮಾಲ್ಗುಡಿ’ ಎಂದು ಕೈ ತೋರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಪಾಪ, ಪ್ರೀತಿಯಿಂದ ಹೇಳುತ್ತಾರೆ. ಮಾಲ್ಗುಡಿ ಎಂಬ ಹೆಸರು ಮೊದಲು ಕಾಗದಕ್ಕಿಳಿದದ್ದು ಬೆಂಗಳೂರಿನಲ್ಲಿ, 1930ರ ವಿಜಯದಶಮಿಯ ದಿನ, ಅಜ್ಜಿ ಮುಹೂರ್ತ ನೋಡಿ ಕೊಟ್ಟ ಮೇಲೆ. ಅದರೊಳಗಿನ ಪುಟ್ಟ ಸ್ವಾಮಿಯಲ್ಲಿ ಮದ್ರಾಸಿನ ಶಾಲೆಯ ಹುಡುಗ ಎಷ್ಟು ಪಾಲು, ಮೈಸೂರಿನಲ್ಲಿ ಕಂಡ ಹುಡುಗರು ಎಷ್ಟು ಪಾಲು ಎಂದು ಬೇರ್ಪಡಿಸಲು ಹೊರಡುವುದು ಹುಳಿಯಿಂದ ಹುಣಸೆಹಣ್ಣನ್ನು ಹಿಂಡಿ ತೆಗೆಯುವ ಕೆಲಸ.

ಯಾದವಗಿರಿಯವರ ತಕರಾರಿನಲ್ಲೂ ಅರ್ಧವೇ ಹುರುಳಿದೆ. ಅಲ್ಲಿನ ಮನೆ ನಾರಾಯಣ್ ಕಟ್ಟಿಸಿದ್ದು ನಲವತ್ತು ದಾಟಿದ ಮೇಲೆ. 2011ರಲ್ಲಿ ಅದನ್ನು ಕೆಡವಲು ಶುರುಮಾಡಿ, ಗದ್ದಲವಾಗಿ, ಆಮೇಲೆ ಸರ್ಕಾರದ ಕೈಗೆ ಬಂದು ದುರಸ್ತಿಯಾಗಿ, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದು ಅವರು ಬಾಳಿದ ಮನೆ. ಬೆಳೆದ ಮನೆ ಎನ್ನಲಾಗದು.

ಹಾಗಾದರೆ ನಿಮ್ಮ ಬಡಾವಣೆಯ ಕಡೆಗೆ ನಿಜವಾಗಿ ಕೈ ತೋರಿಸಬಹುದಾದ ಹುಡುಗ ಯಾರು? ನಾರಾಯಣರ ಕಿರಿಯ ತಮ್ಮ. ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ಕಾಲೇಜು ಮುಗಿಸುವವರೆಗೆ ಬೆಳೆದದ್ದೂ ಇಲ್ಲಿಯೇ. ಅಕ್ಷರ ಕಲಿಯುವ ಮೊದಲೇ ಸ್ಟ್ರ್ಯಾಂಡ್, ಪಂಚ್, ಟಿಟ್‌ಬಿಟ್ಸ್‌ನಂಥ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದ ಹುಡುಗ. ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚುತ್ತಿದ್ದವನು. ತರಗತಿಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಮೇಷ್ಟರು ಮೆಚ್ಚಿಕೊಂಡ ದಿನದಿಂದ ತಾನೊಬ್ಬ ಚಿತ್ರಕಾರ ಎಂಬ ನಂಬಿಕೆ ಅವನೊಳಗೆ ಕೂತಿತು. ‘ದಿ ಹಿಂದೂ’ ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಸಹಿಯನ್ನು ಬಹುಕಾಲ ‘ಕೌ’ ಎಂದೇ ಓದಿಕೊಂಡಿದ್ದರಂತೆ. ಈ ಹಸುವಿನ ಪ್ರಸಂಗ ನನಗೆ ಬಹಳ ಇಷ್ಟ. ಲಂಡನ್ನಿನ ಗೆರೆಗಳು ಮೈಸೂರಿನ ಹಜಾರದ ತನಕ ಬಂದಿವೆ. ಬರೆದವರ ಹೆಸರು ಬರುವಾಗ ದಾರಿಯಲ್ಲಿ ದನವಾಗಿದೆ. ಬೀದಿಯ ಹುಡುಗರ ಕ್ರಿಕೆಟ್ ತಂಡಕ್ಕೆ ಅವರೇ ಕ್ಯಾಪ್ಟನ್. ಆ ತಂಡದ ಅವಾಂತರಗಳೇ ಅಣ್ಣನ ಕೆಲವು ಕತೆಗಳಿಗೆ ಸರಕಾದವು. ಮಾಲ್ಗುಡಿಯಲ್ಲಿ ಮೈಸೂರಿನ ಬಾಲ್ಯ ಎಷ್ಟಿದೆಯೋ ಅದು ಬಹುಪಾಲು ತಮ್ಮನ ಬಾಲ್ಯ ಎಂದು ನನ್ನ ಅನಿಸಿಕೆ. ನಿಮ್ಮ ಫಲಕದಲ್ಲಿ ಲಕ್ಷ್ಮಣ್ ಹೆಸರು ಮೇಲಿರಲಿ, ಅಣ್ಣನ ಹೆಸರು ಅದರ ಕೆಳಗಿರಲಿ. ಅಷ್ಟರಿಂದಲೇ ಗೇಟಿನ ಮುಂದೆ ನಿಂತವರು ‘ಅದೇಕೆ ಹೀಗೆ?’ ಎಂದು ಕೇಳಿಯಾರು.

ಕುವೆಂಪು ವಿಷಯ ಸರಳ. ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳ್ಳಿಯಲ್ಲಿ. ಮೈಸೂರಿಗೆ ಬಂದದ್ದು ಹೈಸ್ಕೂಲಿನ ಓದಿಗೆ. ಒಂಟಿಕೊಪ್ಪಲಿನ ‘ಉದಯರವಿ’ ಅವರು ಅಧ್ಯಾಪಕರಾದ ಮೇಲೆ ಕಟ್ಟಿಸಿದ ಮನೆ. ಆ ಮನೆಯಲ್ಲಿ ಬೆಳೆದವರು ಅವರ ಮಕ್ಕಳು. 1938ರಲ್ಲಿ ಕುಪ್ಪಳ್ಳಿಯಲ್ಲಿ ಹುಟ್ಟಿದ ತೇಜಸ್ವಿಯವರ ಮೇಲೆ ಒಂಟಿಕೊಪ್ಪಲಿನವರಿಗೆ ಹಕ್ಕಿದೆ. ಮಲೆನಾಡಿನ ಅಪ್ಪಟ ಕಾಡಿನ ಮನುಷ್ಯ ಎಂದು ನಾವು ಕಣ್ಣಿಗೆ ಕಟ್ಟಿಕೊಂಡಿರುವ ಲೇಖಕ ಮೈಸೂರಿನ ಬಡಾವಣೆಯೊಂದರ ಹುಡುಗ. ಮೂಡಿಗೆರೆಯ ತೋಟಕ್ಕೆ ಹೋದದ್ದು ಆಮೇಲೆ, ಹಟ ಹಿಡಿದು. ಇಬ್ಬರನ್ನೂ ನಿಮ್ಮ ಪಟ್ಟಿಯಿಂದ ತೆಗೆದು ಒಂಟಿಕೊಪ್ಪಲಿನವರಿಗೆ ಬಿಟ್ಟುಕೊಡಿ. ನೆರೆಯವರೊಂದಿಗೆ ಸ್ನೇಹ ಉಳಿಯುತ್ತದೆ.

ಜಯಲಲಿತಾ ಹುಟ್ಟಿದ್ದು 1948ರಲ್ಲಿ ಮೇಲುಕೋಟೆಯಲ್ಲಿ. ‘ಜಯವಿಲಾಸ’, ‘ಲಲಿತವಿಲಾಸ’ ಎಂಬ ಮೈಸೂರಿನ ಮನೆಗಳ ಹೆಸರಿನೊಂದಿಗೆ ಅವರ ಹೆಸರಿಗೆ ನಂಟಿದೆ ಎಂಬ ಮಾತು ಪ್ರಸಿದ್ಧ. ಆದರೆ ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಶಾಲೆಯ ದಿನಗಳಲ್ಲಿ ಬೆಂಗಳೂರಿನ ಬಿಷಪ್ ಕಾಟನ್, ಆಮೇಲೆ ಚೆನ್ನೈನ ಚರ್ಚ್ ಪಾರ್ಕ್. ಅವರ ಹೆಸರು ಬೇಕೇಬೇಕು ಎನ್ನುವವರಿಗೆ ‘ಕುಟುಂಬದ ಮನೆ ಇಲ್ಲಿತ್ತು’ ಎಂಬ ಬೇರೆ ಸಾಲು ಸಾಕು. ಶ್ರೀನಾಥ್ ಮರಿಮಲ್ಲಪ್ಪ ಹೈಸ್ಕೂಲಿನ ಹುಡುಗ. ರಾಮಾನುಜನ್ ಕೂಡ ಅದೇ ಶಾಲೆ. ಇಲ್ಲಿ ಒಂದು ಎಚ್ಚರಿಕೆ: ಶಾಲೆ ನಿಮ್ಮ ಬಡಾವಣೆಯ ಮಗ್ಗುಲಲ್ಲಿದೆ ಎಂದ ಮಾತ್ರಕ್ಕೆ ವಿದ್ಯಾರ್ಥಿಗಳೆಲ್ಲ ನಿಮ್ಮವರಾಗುವುದಿಲ್ಲ. ಶಾಲೆಯ ಕೀರ್ತಿಯನ್ನು ಬಡಾವಣೆಯ ಖಾತೆಗೆ ಜಮಾ ಮಾಡಿಕೊಳ್ಳುವುದು ಇಂಥ ಪಟ್ಟಿಗಳಲ್ಲಿ ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಬ್ಯಾಂಕಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಧ್ಯಕ್ಷರ ‘ಮಣ್ಣಿನ ಗುಣ’.

ಆ ಸಾಲನ್ನು ಬರೆಸಬೇಡಿ. ಮಣ್ಣಿಗೆ ಗುಣವಿದ್ದಿದ್ದರೆ ಅದು ಎಲ್ಲ ಕಾಲದಲ್ಲೂ ಎಲ್ಲ ಮಕ್ಕಳಿಗೂ ಒಂದೇ ಸಮ ಹತ್ತಬೇಕಿತ್ತು. ನಡೆದದ್ದು ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಕೋಟೆಯ ಸುತ್ತಲಿನ ಇಕ್ಕಟ್ಟು ಕೇರಿಗಳಲ್ಲಿ ಜನ ಸತ್ತ ಮೇಲೆ, 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ಆಯಿತು. ದೇಶದಲ್ಲಿ ಅಂಥವುಗಳ ಪೈಕಿ ಬಹಳ ಹಳೆಯದು ಅದು. ಅಗಲ ರಸ್ತೆ, ಮನೆಯ ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕಿನ ನಿವೇಶನ ಎಂದು ಹೊಸ ಬಡಾವಣೆಗಳು ಎದ್ದವು. ಅಲ್ಲಿಗೆ ಬಂದವರು ಯಾರು? ಬಹುಪಾಲು ತಿಂಗಳಿಗೊಮ್ಮೆ ಸಂಬಳ ಎಣಿಸುವವರು: ಸರ್ಕಾರದ ಗುಮಾಸ್ತರು, ಮೇಷ್ಟರುಗಳು, ವಕೀಲರು, ಅರಮನೆಯ ನೌಕರರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದ ಮೇಲೆ ಪ್ರೊಫೆಸರರು. ಹೈಸ್ಕೂಲು, ಕಾಲೇಜು, ವಾಚನಾಲಯ ಎಲ್ಲಕ್ಕೂ ಹುಡುಗ ನಡೆದೇ ಹೋಗಬಹುದು. ಬಸ್ಸಿನ ಖರ್ಚಿಲ್ಲ, ಹಾಸ್ಟೆಲಿನ ಖರ್ಚಿಲ್ಲ. ಅಪ್ಪ ಹೆಡ್‌ಮಾಸ್ಟರರಾಗಿದ್ದರೆ ಶಾಲೆಯ ವಾಚನಾಲಯದ ಮೇಜಿಗೆ ಹೋಗಬೇಕಾದ ಇಂಗ್ಲಿಷ್ ಪತ್ರಿಕೆಗಳು ಮೊದಲು ಮನೆಯ ಹಜಾರದಲ್ಲಿ ಒಂದೆರಡು ದಿನ ತಂಗುತ್ತವೆ. ಲಕ್ಷ್ಮಣರ ‘ಕೌ’ ಬಂದದ್ದು ಇಂಥ ದಾರಿಯಿಂದಲೇ ಹೊರತು ನೆಲದೊಳಗಿನಿಂದಲ್ಲ. ರಾಮಾನುಜನ್ ಅವರ ತಂದೆ ಗಣಿತದ ಪ್ರಾಧ್ಯಾಪಕರು. ಮಹಡಿಯ ಮೇಲೆ ಅಪ್ಪನ ಕೋಣೆಯಲ್ಲಿ ಇಂಗ್ಲಿಷು, ಕೆಳಗೆ ಅಮ್ಮನ ಬಳಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಒಂದು ಮನೆಯ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಹುಡುಗ ಮೂರು ಭಾಷೆ ದಾಟುತ್ತಿದ್ದ. ಮುಂದೆ ಷಿಕಾಗೋದಲ್ಲಿ ಕೂತು ವಚನಗಳನ್ನೂ ಸಂಗಂ ಕವಿತೆಗಳನ್ನೂ ಇಂಗ್ಲಿಷಿಗೆ ತಂದ ಕೈಗೆ ಮೊದಲ ಅಭ್ಯಾಸ ಆದದ್ದು ಆ ಮೆಟ್ಟಿಲುಗಳ ಮೇಲೆ.

ಅದೇ ಸೌಲಭ್ಯ ಯಾರಿಗೆ ಸಿಗಲಿಲ್ಲ ಎಂಬುದನ್ನೂ ನೋಡಬೇಕು. ನಿಮ್ಮ ಪಟ್ಟಿಯಲ್ಲಿರುವ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೇ ಇದಕ್ಕೆ ಸಾಕ್ಷಿ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಕಾಲೇಜ್ ರಸ್ತೆಯಲ್ಲಿ. ಆ ರಸ್ತೆ ನಿಮ್ಮ ಬಡಾವಣೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ನಿಮ್ಮ ಸಂಘದವರು ನೋಡಿಕೊಳ್ಳಬೇಕು. ಅವರ ತಂದೆ ಮಕ್ಕಳ ಓದಿಗಾಗಿ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದಿದ್ದರು. ಆ ಬೀದಿಯಲ್ಲಿ ಬಹುಪಾಲು ಬ್ರಾಹ್ಮಣರ ಮನೆಗಳು. ಹಿತ್ತಿಲ ಗೋಡೆಯಿಂದ ಕೂಗಳತೆಯಲ್ಲಿ ಬಂಡಿಕೇರಿ, ಕುರುಬರ ಕೇರಿ. ಹುಡುಗ ಒಂದು ದಿನ ಆ ಕಡೆ ಕಾಲಿಟ್ಟಾಗ ಅಲ್ಲಿನ ಬದುಕು, ಮಾತು, ನಡಾವಳಿ ಕಂಡು ಬೆರಗಾಗಿದ್ದನ್ನು ಅವರು ಎಷ್ಟೋ ದಶಕಗಳ ನಂತರವೂ ನೆನೆದಿದ್ದಾರೆ. ಆಕ್ಸ್‌ಫರ್ಡಿಗೆ ಹೋಗಿ ಮಾನವಶಾಸ್ತ್ರ ಓದಿ ಬಂದವರ ಮೊದಲ ‘ಪರದೇಶ’ ಅವರ ಮನೆಯ ಹಿತ್ತಿಲಿನ ಆಚೆಗಿತ್ತು. ಈಗ ಹೇಳಿ, ಬಂಡಿಕೇರಿಯ ಮಣ್ಣು ಬೇರೆಯೇ? ಅಗೆದು ನೋಡಿದರೆ ಒಂದೇ ಕೆಮ್ಮಣ್ಣು. ಹಾಗಾದರೆ ಅಲ್ಲಿಂದ ನಿಮ್ಮ ಪಟ್ಟಿಗೆ ಎಷ್ಟು ಹೆಸರು ಬಂದಿವೆ? ಮೈಸೂರು ಸಂಸ್ಥಾನದ ನೌಕರಿಗಳೆಲ್ಲ ಬ್ರಾಹ್ಮಣರ ಕಡೆಯೇ ಸೇರಿಕೊಂಡಿವೆ ಎಂಬ ಕೂಗೆದ್ದು, ಅದನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು ಸುಮ್ಮನೆ ಅಲ್ಲ.

ಧಾರವಾಡದಿಂದ ಒಂದು ಮಾತು ತರುತ್ತೇನೆ, ಏಕೆಂದರೆ ಇದಕ್ಕಿಂತ ಚೊಕ್ಕವಾಗಿ ಹೇಳಲು ನನಗೆ ಬಾರದು. ಗಂಗೂಬಾಯಿ ಹಾನಗಲ್ ಹುಟ್ಟಿ ಬೆಳೆದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಚಿಕ್ಕವರಿದ್ದಾಗ ನೆರೆಯ ಸಿರಿವಂತರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕಿತ್ತು ಬೈಸಿಕೊಂಡದ್ದನ್ನು ಅವರು ಹೇಳಿಕೊಂಡಿದ್ದಾರೆ. ಆ ಮನೆಯವರಿಗೆ ಸಿಟ್ಟು ಬಂದದ್ದು ಕಾಯಿ ಹೋದದ್ದಕ್ಕಲ್ಲ, ಹಾಡುವವರ ಮನೆಯ ಹುಡುಗಿ ತೋಟದೊಳಗೆ ಕಾಲಿಟ್ಟದ್ದಕ್ಕೆ. ಮುಂದೆ ಅವರು ಹೆಸರಾದ ಮೇಲೆ ಅದೇ ಜನ ಊಟಕ್ಕೆ ಕರೆದರು. ನಾಳೆ ಶುಕ್ರವಾರಪೇಟೆಯವರು ನಿಮ್ಮಂತೆಯೇ ಒಂದು ಫಲಕ ಮಾಡಿ ‘ಈ ಮಣ್ಣಿನ ಗುಣ’ ಎಂದು ಅವರ ಹೆಸರಿನ ಮೇಲೆ ಬರೆದರೆ, ಆ ಮಾವಿನಕಾಯಿಯ ಲೆಕ್ಕ ಯಾರು ಕೊಡಬೇಕು? ಅವರು ಅಲ್ಲಿ ಬೆಳೆದರು ಎಂಬುದು ನಿಜ. ಬಡಾವಣೆ ಬೆಳೆಸಿತು ಎನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಸೊಸೆಯ ಎರಡನೆಯ ಪ್ರಶ್ನೆಗೆ ಉತ್ತರ ಇದರ ಪಕ್ಕದಲ್ಲೇ ಇದೆ. ಗಂಡಸರನ್ನು ಬೆಳೆದ ಬೀದಿಯಿಂದ ನೆನೆಯುತ್ತೇವೆ, ಹೆಂಗಸರನ್ನು ಸೇರಿದ ಮನೆಯಿಂದ. ಹದಿನಾರಕ್ಕೋ ಹದಿನೆಂಟಕ್ಕೋ ಮದುವೆಯಾಗಿ ಹೋದ ಹುಡುಗಿ ಮುಂದೆ ವೈದ್ಯೆಯಾಗಲಿ, ಲೇಖಕಿಯಾಗಲಿ, ಗಾಯಕಿಯಾಗಲಿ, ಅಷ್ಟರಲ್ಲಿ ಹೆಸರಿನ ಬಾಲ ಬದಲಾಗಿ ಊರೂ ಬದಲಾಗಿರುತ್ತದೆ. ತವರಿನ ಬೀದಿಯವರಿಗೆ ಅವಳು ‘ಮೇಷ್ಟರ ಎರಡನೆಯ ಮಗಳು’ ಅಷ್ಟೇ. ಇದಕ್ಕೆ ತಿರುವುಮುರುವಾದ ಉದಾಹರಣೆ ನಿಮ್ಮ ಪಕ್ಕದ ಚಾಮರಾಜಪುರಂನಲ್ಲಿದೆ. ಕಾದಂಬರಿಕಾರ್ತಿ ತ್ರಿವೇಣಿ ಅಲ್ಲಿ ಬಾಳಿದವರು. ಹುಟ್ಟಿದ್ದು 1928ರಲ್ಲಿ ಮಂಡ್ಯದಲ್ಲಿ, ಮನೆಯಲ್ಲಿ ಅನಸೂಯಾ ಶಂಕರ್, ಪುಸ್ತಕದ ಮೇಲೆ ತ್ರಿವೇಣಿ. ಕಾವ್ಯನಾಮ ಗೊತ್ತಿರುವವರಿಗೆ ತವರಿನ ಬೀದಿ ಗೊತ್ತಿರುವುದಿಲ್ಲ, ಬೀದಿ ಗೊತ್ತಿರುವವರಿಗೆ ಕಾವ್ಯನಾಮ ಗೊತ್ತಿರುವುದಿಲ್ಲ. ಆದ್ದರಿಂದ ಹುಡುಕುವ ದಾರಿಯನ್ನೇ ಬದಲಿಸಿ. ‘ಇಲ್ಲಿಂದ ಯಾರು ದೊಡ್ಡವರಾದರು?’ ಎಂದು ಕೇಳಬೇಡಿ. ಎಂಬತ್ತು ದಾಟಿದವರ ಮನೆಗೆ ಹೋಗಿ, ‘ನಿಮ್ಮ ಜೊತೆ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯರು ಯಾರು ಯಾರು, ಯಾವ ಊರಿಗೆ ಕೊಟ್ಟರು?’ ಎಂದು ಕೇಳಿ. ಈ ಪ್ರಶ್ನೆಗೆ ಸಿಗುವ ಉತ್ತರ ಒಂದು ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ. ನಿಮ್ಮ ಸೊಸೆಯನ್ನೇ ಕಳಿಸಿ. ನಿಮಗಿಂತ ಅವರಿಗೆ ಹೆಚ್ಚು ಹೇಳುತ್ತಾರೆ.

‘ಈಗೇಕೆ ಯಾರೂ ಬರುತ್ತಿಲ್ಲ’ ಎಂಬುದಕ್ಕೆ ನಾನು ಅಷ್ಟು ಚಿಂತಿಸುವುದಿಲ್ಲ. ಲಕ್ಷ್ಮಣ್ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ನಮ್ಮಲ್ಲಿ ಸೇರುವಷ್ಟು ಪ್ರತಿಭೆ ಕಾಣುತ್ತಿಲ್ಲ ಎಂದು ಅವರು ಬರೆದು ತಿಳಿಸಿದರು. ವಾಪಸು ಮಹಾರಾಜಾ ಕಾಲೇಜಿಗೇ ಸೇರಿದರು. ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಗೆ ಚಿತ್ರ ಬರೆದರು. ಆ ವರ್ಷ ನಿಮ್ಮ ಸಂಘ ಇದ್ದು ಪಟ್ಟಿ ಮಾಡಿದ್ದರೆ ಆ ಹುಡುಗನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಇಂದಿನ ಹತ್ತು ವರ್ಷದವರ ಲೆಕ್ಕ ಸಿಗಲು ಇನ್ನೂ ನಲವತ್ತು ವರ್ಷ ಬೇಕು. ಇನ್ನೊಂದು ವಿಷಯ: ಹೆಸರಾದ ಇಪ್ಪತ್ತೆರಡು ಮಂದಿಯನ್ನಷ್ಟೇ ನಾವು ಎಣಿಸುತ್ತೇವೆ. ಅದೇ ಬೆಂಚಿನಲ್ಲಿ ಕೂತು ಅದೇ ಅರಳಿ ಎಲೆ ಬರೆದು, ಮೇಷ್ಟರ ಕಣ್ಣಿಗೆ ಬೀಳದೆ ಹೋದ ಮಕ್ಕಳ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ. ಮತ್ತು ಹೆಸರಾದವರಲ್ಲಿ ಬಹುಮಂದಿ ಊರು ಬಿಟ್ಟವರು. ಲಕ್ಷ್ಮಣ್ ಮುಂಬೈಗೆ, ಶ್ರೀನಿವಾಸ್ ಮುಂಬೈ ದಾಟಿ ಆಕ್ಸ್‌ಫರ್ಡಿಗೆ, ರಾಮಾನುಜನ್ ಷಿಕಾಗೋಗೆ. ಇಲ್ಲಿಯೇ ಉಳಿದಿದ್ದರೆ ಏನಾಗುತ್ತಿದ್ದರೋ, ಅದನ್ನು ಊಹಿಸುವುದು ನನ್ನ ಕಸುಬಲ್ಲ.

ಈಗ ಕೆಲಸದ ಮಾತು. ಉಳಿದ ಹೆಸರುಗಳನ್ನು ಪರೀಕ್ಷಿಸುವುದು ಹೇಗೆ? ಜನ ಮೊದಲು ಓಡುವುದು ಪಾಲಿಕೆಯ ಖಾತೆ ನೋಡಲು. ಅಲ್ಲಿ ಸಿಗುವುದು ಮನೆಯ ಮಾಲೀಕನ ಹೆಸರು. ನಿಮಗೆ ಬೇಕಾದ ಹುಡುಗನ ಅಪ್ಪ ಮೇಷ್ಟರು, ಮೇಷ್ಟರು ಬಾಡಿಗೆಗಿದ್ದರು, ಬಾಡಿಗೆಯವರು ಖಾತೆಯಲ್ಲಿ ಕಾಣುವುದಿಲ್ಲ. ಮತದಾರರ ಪಟ್ಟಿ 1951ರ ನಂತರಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಮಕ್ಕಳು ಅದರಲ್ಲಿರುವುದಿಲ್ಲ, ತಂದೆತಾಯಿಯ ಹೆಸರು ಹಿಡಿದು ಹುಡುಕಬೇಕು. ಶಾಲೆಯ ದಾಖಲಾತಿ ಪುಸ್ತಕ ಒಳ್ಳೆಯ ಆಧಾರ. ವಿಳಾಸ ಮತ್ತು ಸೇರಿದ ವರ್ಷದ ಮಟ್ಟಿಗೆ ಅದನ್ನು ನಂಬಿ, ಜನ್ಮದಿನಾಂಕವನ್ನು ನಂಬಬೇಡಿ. ಹಳೆಯ ರಿಜಿಸ್ಟರುಗಳಲ್ಲಿ ಪುಟ ತಿರುವಿದರೆ ಅರ್ಧ ತರಗತಿ ಜೂನ್ ಅಥವಾ ಜುಲೈ ಒಂದನೆಯ ತಾರೀಖಿನಂದೇ ಹುಟ್ಟಿದಂತೆ ಕಾಣುತ್ತದೆ. ಸೇರಿಸಲು ಬಂದ ಸೋದರಮಾವ ಹೇಳಿದ್ದೇ ತಾರೀಖು, ಮೇಷ್ಟರು ಬರೆದದ್ದೇ ವರ್ಷ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಲಗ್ನಪತ್ರಿಕೆಗಳು. ನಗಬೇಡಿ. ತಾರೀಖು ಇರುತ್ತದೆ, ಮನೆಯ ನಂಬರು ಮತ್ತು ರಸ್ತೆ ಇರುತ್ತದೆ, ಆಹ್ವಾನಿಸುವ ಅಜ್ಜನಿಂದ ಹಿಡಿದು ಇಡೀ ವಂಶವೃಕ್ಷ ಇರುತ್ತದೆ, ಮೂಲೆಯಲ್ಲಿ ಮುದ್ರಣಾಲಯದ ಹೆಸರೂ ಇರುತ್ತದೆ. ಹುಡುಗಿಯ ತವರು ಹೆಸರು ಮತ್ತು ಸೇರಿದ ಮನೆಯ ಹೆಸರು ಒಂದೇ ಕಾಗದದಲ್ಲಿ ಸಿಗುವುದು ಇದೊಂದರಲ್ಲೇ. ಒಮ್ಮೆ ಒಬ್ಬ ಅಜ್ಜಿಯ ಟ್ರಂಕಿನಲ್ಲಿ, ಜರತಾರಿ ಸೀರೆಯ ಕೆಳಗೆ, ದಾರದಿಂದ ಕಟ್ಟಿದ ಅರವತ್ತಕ್ಕೂ ಹೆಚ್ಚು ಪತ್ರಿಕೆಗಳು ಸಿಕ್ಕವು. ಮೂಲೆಗಳಲ್ಲಿ ಅರಿಸಿನ ಕಂದು ಬಣ್ಣಕ್ಕೆ ತಿರುಗಿತ್ತು. ಇಡೀ ಬೀದಿಯ ಮೂವತ್ತು ವರ್ಷದ ಇತಿಹಾಸ ಆ ಗಂಟಿನಲ್ಲಿತ್ತು. ಅವರ ಮಗ ಅದನ್ನು ರದ್ದಿಗೆ ಹಾಕಲು ಎರಡು ಬಾರಿ ಹೊರಟಿದ್ದನಂತೆ. ಅಂಚೆ ಮೊಹರಿರುವ ಕಾರ್ಡುಗಳೂ ಹೀಗೆಯೇ ಬೆಲೆಯುಳ್ಳವು. ಆದರೆ ಮನೆ ನಂಬರು ನೋಡುವಾಗ ಹುಷಾರು. ನಂಬರುಗಳು ಕಾಲಕಾಲಕ್ಕೆ ಬದಲಾಗಿವೆ. ಹಳೆಯ ನಂಬರಿನ ಬಾಗಿಲು ತಟ್ಟಿ, ಯಾರದೋ ಮನೆಯನ್ನು ಯಾರದೋ ಎಂದು ಸಾರಿಬಿಟ್ಟವರಿದ್ದಾರೆ. ಒಂದು ಹೆಸರಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರ ಸಿಗದಿದ್ದರೆ ಅದನ್ನು ಫಲಕಕ್ಕೆ ಹತ್ತಿಸಬೇಡಿ. ಅಣ್ಣ ತಮ್ಮ ಇಬ್ಬರೂ ಹೇಳಿದರು ಎಂದರೆ ಅದು ಎರಡು ಆಧಾರ ಆಗುವುದಿಲ್ಲ.

ಫಲಕವೇ ಬೇಕೆ ಎಂಬುದನ್ನೂ ಒಮ್ಮೆ ಯೋಚಿಸಿ. ಗೇಟಿನ ಪಕ್ಕದ ಒಂದೇ ಪಟ್ಟಿಯಲ್ಲಿ ಅಪಾಯವೆಂದರೆ, ಬಿಟ್ಟುಹೋದವರ ಮನೆಯವರು ಪ್ರತಿದಿನ ಅದರ ಮುಂದೆ ನಡೆದು ಹೋಗಬೇಕು. ಮನೆಮನೆಗೆ ಪುಟ್ಟ ಫಲಕ ಹಾಕುವುದು ಹೆಚ್ಚು ಪ್ರಾಮಾಣಿಕ, ನೋಡುವವರಿಗೂ ಹೆಚ್ಚು ಸ್ವಾರಸ್ಯ. ಆದರೆ ಅದಕ್ಕೆ ಈಗಿನ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಬಹುಮಂದಿ ಹಿಂಜರಿಯುತ್ತಾರೆ, ನಾಳೆ ಪಾರಂಪರಿಕ ಕಟ್ಟಡ ಎಂದುಬಿಟ್ಟರೆ ಮಾರಲೂ ಆಗದು, ಕೆಡವಲೂ ಆಗದು ಎಂಬ ಭಯ. ಯಾದವಗಿರಿಯ ಗದ್ದಲವನ್ನು ಕಂಡ ಊರು ನಿಮ್ಮದು; ಅವರ ಭಯವನ್ನು ಹುಸಿ ಎನ್ನಲಾಗದು. ಒತ್ತಾಯ ಮಾಡಬೇಡಿ. ಬದುಕಿರುವವರ ಮನೆಯ ಗುರುತನ್ನಂತೂ ಅವರು ಬೇಡವೆಂದರೆ ಮುಟ್ಟಲೇಬಾರದು. ಮೂರನೆಯದು, ನನಗೆ ಮೆಚ್ಚಿನದು, ಹಿರಿಯರ ಮಾತುಗಳನ್ನು ಮೊಬೈಲಿನಲ್ಲೇ ಧ್ವನಿಮುದ್ರಿಸಿ ಒಂದು ಪುಸ್ತಿಕೆ ಮಾಡುವುದು. ಮೇಷ್ಟರು, ಸೂಲಗಿತ್ತಿ, ಸೈಕಲ್ ಅಂಗಡಿಯವರು, ಹೂವಿನವಳು ಎಲ್ಲರೂ ಅದರೊಳಗೆ ಬರುತ್ತಾರೆ. ಅದಕ್ಕೆ ತಗಲುವುದು ದುಡ್ಡಲ್ಲ, ಒಂದೂವರೆ ಎರಡು ವರ್ಷ ಸಮಯ. ಸಂಘದ ಪದಾಧಿಕಾರಿಗಳ ಅವಧಿ ಅಷ್ಟರಲ್ಲಿ ಮುಗಿಯುತ್ತದೆ, ಉದ್ಘಾಟನೆಯ ಫೋಟೋದಲ್ಲಿ ಬೇರೆಯವರು ನಿಲ್ಲುತ್ತಾರೆ. ಬಹುಶಃ ಅದಕ್ಕೇ ಈ ಸಲಹೆಯನ್ನು ಯಾರೂ ಒಪ್ಪುವುದಿಲ್ಲ.

ಅಧ್ಯಕ್ಷರು ಫಲಕವೇ ಬೇಕೆಂದರೆ ಹೀಗೆ ಮಾಡಿ. ‘ಬೆಳೆದ ಮಹನೀಯರು’ ತೆಗೆದು ‘ಇಲ್ಲಿ ಬೆಳೆದವರು, ಬಾಳಿದವರು’ ಎಂದು ಎರಡು ಸಾಲು ಮಾಡಿ, ಪ್ರತಿ ಹೆಸರಿನ ಮುಂದೆ ಇಲ್ಲಿದ್ದ ವರ್ಷಗಳನ್ನಷ್ಟೇ ಬರೆಸಿ, ‘ಖ್ಯಾತ’, ‘ಸುಪ್ರಸಿದ್ಧ’ ಯಾವುದೂ ಬೇಡ. ಗ್ರಾನೈಟ್ ಕೂಡ ಬೇಡ. ತಗಡಿನ ಮೇಲೆ ಬಣ್ಣದಲ್ಲಿ ಬರೆಯುವ ಪೇಂಟರ್ ಒಬ್ಬರನ್ನು ಹಿಡಿಯಿರಿ, ಕೆಳಗಿನ ಮೂರನೆಯ ಒಂದು ಭಾಗ ಖಾಲಿ ಬಿಡಿಸಿ. ಪೇಂಟರ ಫೋನ್ ನಂಬರನ್ನು ಬರೆದಿಟ್ಟುಕೊಳ್ಳಿ. ಉದ್ಘಾಟನೆಯ ದಿನ ಹಿಂದಿನ ಸಾಲಿನಲ್ಲಿ ಕೋಲೂರಿಕೊಂಡು ಕೂತವರು ಯಾರಾದರೂ ಇದ್ದರೆ, ಪರದೆ ಸರಿಸುವ ಮೊದಲೇ ಅವರನ್ನು ಕರೆದು ಒಮ್ಮೆ ಓದಿಸಿಬಿಡಿ.